ಯಾರ ಅಪ್ಪಣೆ, ಯಾರ ಒಪ್ಪಿಗೆ

ಮಗಾ, ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೋಗುವ ತುಕಡಿಯಲ್ಲಿ ನಿನ್ನ ಹೆಸರೂ ಇದೆಯೆಂದು ಆಲೂರಿಗೆ ಬಂದಾಗ ನಿಮ್ಮಮ್ಮ ಹೇಳಿದಳು. ಮನಸ್ಸು ತುಂಬಿ ಬಂತು ಕಣೋ. ನೀಲಿ ಟೋಪಿ ಹಾಕುವ ಮೊದಲು ಒಂದು ಮಾತು ಕೇಳಿಸಿಕೋ. ಪರದೇಶದ ನೆಲದಲ್ಲಿ ನೀನು ಬಂದೂಕು ಹಿಡಿದು ನಿಲ್ಲಲು ಅಪ್ಪಣೆ ಕೊಟ್ಟವರು ಯಾರು, ಒಪ್ಪಿದವರು ಯಾರು ಎಂಬುದನ್ನು ತಿಳಿದುಕೊಂಡೇ ಹೊರಡು.

ನಮ್ಮ ಯಸಳೂರು ದಾಟಿದರೆ ಕೊಡಗು. ಅಲ್ಲಿನ ಸೇನಾಧಿಕಾರಿ ಕೆ.ಎಸ್. ತಿಮ್ಮಯ್ಯನವರು 1953ರಲ್ಲಿ ಕೊರಿಯಾಕ್ಕೆ ಹೋದದ್ದನ್ನು ನೀನು ಓದಲೇಬೇಕು. ಕೊರಿಯಾ ಯುದ್ಧದ ಜುಲೈ 27ರ ಕದನವಿರಾಮದ ನಂತರ, ತಮ್ಮ ದೇಶಕ್ಕೆ ಮರಳಲೊಲ್ಲದ 22,000ಕ್ಕೂ ಹೆಚ್ಚು ಯುದ್ಧಕೈದಿಗಳು ಉಳಿದಿದ್ದರು. ಅವರ ಹೊಣೆ ಐದು ತಟಸ್ಥ ದೇಶಗಳ ಆಯೋಗಕ್ಕೆ ಬಂತು: ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ, ಭಾರತ. ಅಧ್ಯಕ್ಷರು ತಿಮ್ಮಯ್ಯ. ಕಾವಲಿನ ಸೈನ್ಯ ಭಾರತದ್ದೇ ಆಗಬೇಕು, ಕೈದಿಯನ್ನು ಬಲವಂತದಿಂದ ಯಾವ ಕಡೆಗೂ ಕಳಿಸಬಾರದು ಎಂದು ಎರಡೂ ಪಕ್ಷದವರು ಒಪ್ಪಿ ಬರೆದುಕೊಂಡಿದ್ದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಮಾತ್ರ, ಭಾರತದ ಸೈನಿಕ ನಮ್ಮ ನೆಲ ತುಳಿಯಕೂಡದು ಎಂದು ಪಟ್ಟು ಹಿಡಿದರು. ನಮ್ಮವರನ್ನು ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಎತ್ತಿ ಸೇನಾಮುಕ್ತ ವಲಯದೊಳಗೆ ಇಳಿಸಬೇಕಾಯಿತು. ಎರಡು ತೋಟದವರ ಬೇಲಿ ಜಗಳಕ್ಕೆ ಹೋದವನು ಇಬ್ಬರೂ ಒಪ್ಪಿದರಷ್ಟೇ ಗಡಿಕಲ್ಲು ನೆಡಬಲ್ಲ.

1987ರಲ್ಲಿ ಶ್ರೀಲಂಕಾಕ್ಕೆ ಹೋದ ನಮ್ಮ ಶಾಂತಿಪಡೆಗೆ ವಿಶ್ವಸಂಸ್ಥೆಯ ಆದೇಶ ಇರಲಿಲ್ಲ, ಎರಡು ಸರ್ಕಾರಗಳ ಒಪ್ಪಂದ ಇತ್ತು. ಬಂದೂಕು ಹಿಡಿದಿದ್ದ ತಮಿಳು ಸಂಘಟನೆ ಎಲ್‌ಟಿಟಿಇ ಅದಕ್ಕೆ ಸಹಿ ಹಾಕಿರಲಿಲ್ಲ. ಸಾವಿರಕ್ಕೂ ಹೆಚ್ಚು ಯೋಧರು ಮಡಿದರು. ಮುಂದೆ ಅಲ್ಲಿನ ಹೊಸ ಅಧ್ಯಕ್ಷರೇ ಹೊರಡಿ ಎಂದರು. 2003ರಲ್ಲಿ ಇರಾಕಿಗೆ ಸೈನ್ಯ ಕೊಡಿ ಎಂದು ಅಮೆರಿಕ ಕೇಳಿದಾಗ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಆಗದು ಎಂದಿತು ನಮ್ಮ ಸರ್ಕಾರ. ಅದು ಸರಿಯಾದ ನಿರ್ಧಾರ.

ಆದರೆ ಸೈನ್ಯವನ್ನು ಹೊರದೇಶಕ್ಕೆ ಕಳಿಸುವ ಮೊದಲು ಸಂಸತ್ತನ್ನು ಕೇಳಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಸರ್ಕಾರದ ತೀರ್ಮಾನ ಸಾಕು. ಸಂವಿಧಾನದ 51ನೇ ವಿಧಿ ಲೋಕಶಾಂತಿಗೆ ದುಡಿಯಿರಿ ಎನ್ನುತ್ತದೆ, ಸೈನ್ಯ ಕಳಿಸುವ ಕ್ರಮ ಹೇಳುವುದಿಲ್ಲ. ತಟಸ್ಥ ಐರ್ಲೆಂಡ್ 1960ರಲ್ಲೇ ಕಾನೂನು ಮಾಡಿ, ಹನ್ನೆರಡಕ್ಕಿಂತ ಹೆಚ್ಚು ಶಸ್ತ್ರಧಾರಿಗಳು ವಿಶ್ವಸಂಸ್ಥೆಯ ಪಡೆಗೆ ಹೋಗಬೇಕಾದರೆ ತನ್ನ ಸಂಸತ್ತಿನ ಒಪ್ಪಿಗೆ ಬೇಕೆಂದಿತು. ನಮ್ಮ ಸಕಲೇಶಪುರದ ಮಕ್ಕಳ ಜೀವವೂ ಅಷ್ಟು ಚರ್ಚೆಗೆ ಅರ್ಹ ಎಂದೇ ನನ್ನ ವಾದ. ಸಮವಸ್ತ್ರದಲ್ಲಿರುವ ನೀನು ಇದನ್ನು ಕೇಳಲಾರೆ, ವೋಟು ಹಾಕುವ ನಾವು ಕೇಳಬೇಕು.

ಇನ್ನೊಂದು ವಿಷಯ. ಅಲ್ಲಿ ನೀನು ತಪ್ಪು ಮಾಡಿದರೆ ಸಾಮಾನ್ಯವಾಗಿ ಆ ದೇಶದ ಕೋರ್ಟು ನಿನ್ನನ್ನು ವಿಚಾರಿಸುವುದಿಲ್ಲ, ವಿಶ್ವಸಂಸ್ಥೆ ಆ ದೇಶದೊಂದಿಗೆ ಮಾಡಿಕೊಂಡ ಒಪ್ಪಂದದ ರಕ್ಷಣೆ ಇರುತ್ತದೆ. ಹಾಗೆಂದು ಕೈ ಹರಿಬಿಡಬೇಡ. 1950ರ ನಮ್ಮ ಸೇನಾ ಕಾಯ್ದೆ ನಿನ್ನ ಜೊತೆಗೇ ಬರುತ್ತದೆ. ಯಾವಾಗ ಗುಂಡು ಹಾರಿಸಬಹುದು, ಯಾವಾಗ ಕೂಡದು ಎಂಬ ನಿಯಮವನ್ನು ಬರಹದಲ್ಲಿ ಕೊಡುತ್ತಾರೆ. ಅರ್ಥವಾಗದ ಸಾಲಿದ್ದರೆ ನಾಚಿಕೊಳ್ಳದೆ ನಿಮ್ಮ ಅಧಿಕಾರಿಯಿಂದ ಬಿಡಿಸಿ ಹೇಳಿಸಿಕೊಂಡು, ಆಮೇಲೆ ವಿಮಾನ ಹತ್ತು.