ಸಪ್ಲೈಯರ್ ಕೆಲಸದಿಂದ ಗಲ್ಲಾಕ್ಕೆ: ಹೋಟೆಲ್ ಕಾರ್ಮಿಕರು ತಿಳಿದಿರಬೇಕಾದುದು

ಹೋಟೆಲ್ ಉದ್ಯಮದಲ್ಲಿ ಕೆಳಗಿನ ಕೆಲಸದಿಂದ ಮೇಲೇರುವುದು ಕನ್ನಡಿಗರಿಗೆ ಹೊಸದಲ್ಲ. ಉಡುಪಿ ಕಡೆಯಿಂದ ಮದರಾಸಿಗೆ ಹೋದ ಕೆ. ಕೃಷ್ಣರಾಯರು ಅಡುಗೆಮನೆಯ ಸಣ್ಣಪುಟ್ಟ ಕೆಲಸಗಳಿಂದ ಆರಂಭಿಸಿ, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. ಎಲ್ಲರೂ ಮಾಲೀಕರಾಗಲಾರರು, ನಿಜ. ಆದರೆ ಮೇಜು ಒರೆಸುವವನು ಸಪ್ಲೈಯರ್ ಆಗುವುದು, ಸಪ್ಲೈಯರ್ ಗಲ್ಲಾದಲ್ಲಿ ಕೂರುವುದು ಇಂದಿಗೂ ನಡೆದೇ ಇದೆ. ಹೀಗೆ ಹುದ್ದೆ ಬದಲಾದಾಗ ಸಂಬಳಕ್ಕಿಂತ ಮೊದಲು ಹೊಣೆ ಬದಲಾಗುತ್ತದೆ ಎಂಬುದನ್ನು ಗಮನಿಸಬೇಕು.

ಚೆನ್ನೈನ ಗಿಂಡಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 1958ರಲ್ಲಿ ಆರಂಭವಾದ ಕೈಗಾರಿಕಾ ವಸಾಹತು, ರೈಲು ಮತ್ತು ಮೆಟ್ರೋ ನಿಲ್ದಾಣಗಳು ಇರುವ ಈ ಪ್ರದೇಶದಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಹೋಟೆಲುಗಳು ಕಿಕ್ಕಿರಿಯುತ್ತವೆ. ಅಂತಹ ಒಂದು ಹೋಟೆಲಿನಲ್ಲಿ ಐದು ವರ್ಷ ಸಪ್ಲೈಯರ್ ಆಗಿದ್ದವನನ್ನು ಗಲ್ಲಾಕ್ಕೆ ಕೂರಿಸಲಾಯಿತೆಂದು ಭಾವಿಸಿರಿ. ಗೌರವ ಹೆಚ್ಚಿತು, ಆದರೆ ದಿನವೂ ಕೈಸೇರುತ್ತಿದ್ದ ಟಿಪ್ಸ್ ನಿಂತಿತು. ರಾತ್ರಿಯ ಲೆಕ್ಕದಲ್ಲಿ ಮುನ್ನೂರು ರೂಪಾಯಿ ಕಡಿಮೆ ಬಂದರೆ ಉತ್ತರ ಹೇಳಬೇಕಾದವನೂ ಅವನೇ. ಹೊಸ ಸಂಬಳವು ಈ ನಷ್ಟವನ್ನು ತುಂಬುವುದೇ ಎಂದು ಒಪ್ಪಿಕೊಳ್ಳುವ ಮೊದಲೇ ಕೇಳಬೇಕು. ಹಾಗೆ ಕೇಳುವುದು ಅವಿಧೇಯತೆಯಲ್ಲ.

ಕಡಿಮೆ ಬಂದ ಹಣವನ್ನು ಸಂಬಳದಿಂದ ಮನಬಂದಂತೆ ಮುರಿದುಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ. ನಷ್ಟವು ನೌಕರನ ನಿರ್ಲಕ್ಷ್ಯ ಅಥವಾ ತಪ್ಪಿನಿಂದ ನೇರವಾಗಿ ಉಂಟಾಗಿರಬೇಕು. ಕಡಿತಕ್ಕೆ ಮುನ್ನ ಅವನ ವಿವರಣೆಯನ್ನು ಕೇಳಬೇಕು. ಕಡಿತವು ನಷ್ಟದ ಮೊತ್ತವನ್ನು ಮೀರಬಾರದು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ರಕ್ಷಣೆಯನ್ನು 2019ರ ವೇತನ ಸಂಹಿತೆಯಲ್ಲಿಯೂ ಉಳಿಸಿಕೊಳ್ಳಲಾಗಿದೆ.

ಕಾನೂನು ಇದ್ದರೂ ಲೆಕ್ಕದ ಪುಸ್ತಕವೇ ಮೊದಲ ಸಾಕ್ಷಿ. ಪಾಳಿಯ ಆರಂಭದಲ್ಲಿ ಪೆಟ್ಟಿಗೆಯಲ್ಲಿರುವ ಹಣವನ್ನು ಇನ್ನೊಬ್ಬರ ಎದುರಿಗೆ ಎಣಿಸಿ, ಬರೆದು, ಇಬ್ಬರೂ ಸಹಿ ಮಾಡಬೇಕು. ಊಟಕ್ಕೆ ಏಳುವಾಗಲೂ ಹೀಗೆಯೇ. ಮಾಲೀಕರ ಮನೆಯವರು ತರಕಾರಿಗೆಂದು ಹಣ ಪಡೆದರೆ ಒಂದು ಚೀಟಿ ಬರೆಸಿಕೊಳ್ಳಬೇಕು. (ಸಂಕೋಚದಿಂದ ಕೇಳದೆ ಬಿಡುವುದು ಇಲ್ಲಿಯೇ!) ಮೊಬೈಲ್ ಮೂಲಕ ಬಂದ ಪಾವತಿಯನ್ನು ನಗದಿನೊಡನೆ ಬೆರೆಸದೆ ಪ್ರತ್ಯೇಕವಾಗಿ ದಾಖಲಿಸಬೇಕು.

ಗಲ್ಲಾದ ಬದಲು ಅಡುಗೆಮನೆಗೆ ಹೋಗಬಯಸುವವರ ದಾರಿ ಬೇರೆ. ಹಿಟ್ಟಿನ ಹುಳಿ, ಕಾವಲಿಯ ಕಾವು ಇವು ಕೈಗೆ ಹತ್ತಲು ಕಾಲ ಬೇಕು. ಆಹಾರ ಸಿದ್ಧಪಡಿಸುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ನಡೆಯಬೇಕೆಂದು ಆಹಾರ ಸುರಕ್ಷತಾ ನಿಯಮಗಳು ವಿಧಿಸಿವೆ. ದುಡಿದು ಕಲಿತ ವಿದ್ಯೆಗೆ ಪ್ರಮಾಣಪತ್ರ ಪಡೆಯಲು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲಿ, ಪೂರ್ವಕಲಿಕೆಯ ಮಾನ್ಯತೆ ಎಂಬ ವ್ಯವಸ್ಥೆಯನ್ನು ಕಲ್ಪಿಸಲಾಯಿತು. ಗಿಂಡಿಗೆ ಸಮೀಪದ ತರಮಣಿಯಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಧೀನದ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಿದೆ. ನಡೆಯುತ್ತಿರುವ ತರಬೇತಿಗಳ ವಿವರವನ್ನು ಅಲ್ಲಿ ವಿಚಾರಿಸಬಹುದು.