ಬೆಳ್ಳಿ ಲೇಪದ ಟೀ ಸೆಟ್ ಕಪ್ಪಾದರೆ ತಿಕ್ಕಬೇಡಿ, ನೆನೆಸಿ

ಶೋಕೇಸಿನಲ್ಲಿಟ್ಟ ಟೀ ಸೆಟ್ ಕಪ್ಪಾದರೆ ನಮ್ಮ ಮನೆಗಳಲ್ಲಿ ಮೊದಲು ಕೈ ಹೋಗುವುದು ವಿಭೂತಿಗೆ, ಇಲ್ಲವೇ ಹಲ್ಲುಪುಡಿಯ ಡಬ್ಬಿಗೆ. ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ಬೆಳ್ಳಿಯ ದೀಪ, ಕುಂಕುಮದ ಬಟ್ಟಲುಗಳನ್ನು ತಿಕ್ಕಿ ಪಳಗಿದ ಕೈ ಅದು. ದಪ್ಪ ಬೆಳ್ಳಿ ಈ ತಿಕ್ಕಾಟವನ್ನು ವರ್ಷಗಟ್ಟಲೆ ತಾಳಿಕೊಂಡೀತು. ಲೇಪದ ಪಾತ್ರೆ ತಾಳುವುದಿಲ್ಲ. ಅದರ ಮೇಲಿರುವ ಬೆಳ್ಳಿ ಕೂದಲೆಳೆಗಿಂತಲೂ ತೆಳು. ಸವೆದದ್ದು ಮತ್ತೆ ಬರುವುದಿಲ್ಲ.

ಆದ್ದರಿಂದ ಮೊದಲು ಪಾತ್ರೆಯನ್ನು ಬೋರಲು ಹಾಕಿ ತಳ ನೋಡಿ. ‘ಇಪಿಎನ್‌ಎಸ್’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ವಿದ್ಯುತ್ತಿನಿಂದ ಬೆಳ್ಳಿ ಲೇಪಿಸಿದ ನಿಕಲ್ ಸಿಲ್ವರ್. ಅಂಗಡಿಗಳಲ್ಲಿ ಜರ್ಮನ್ ಸಿಲ್ವರ್ ಎನ್ನುವುದೂ ಇದೇ ಬಗೆಯ ಲೋಹವನ್ನು. ತಾಮ್ರ, ನಿಕಲ್, ಸತು ಬೆರೆತ ಇದರಲ್ಲಿ ಬೆಳ್ಳಿ ಒಂದು ಗುಂಜಿಯೂ ಇರುವುದಿಲ್ಲ. ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಸೋದರಸಂಬಂಧಿಗಳು 1840ರಲ್ಲಿ ಈ ಲೇಪನ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಬೆಳ್ಳಿಯಂತೆ ಹೊಳೆಯುವ ಟೀ ಪಾಟ್, ಹಾಲಿನ ಜಗ್, ಸಕ್ಕರೆ ಬಟ್ಟಲುಗಳು ಮಧ್ಯಮ ವರ್ಗದ ಇಂಗ್ಲಿಷ್ ಮನೆಗಳಿಗೂ ಎಟುಕಿದವು. ಬ್ರಿಟಿಷರ ಕಾಲದಲ್ಲಿ ಬೆಂಗಳೂರು ದಂಡಿನ ಬಂಗಲೆಗಳಿಗೂ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಮನೆಗಳಿಗೂ ಬಂದವು. ತಳದಲ್ಲಿ 925 ಎಂದಿದ್ದರೆ ಅದು ನೂರಕ್ಕೆ 92.5 ಪಾಲು ಬೆಳ್ಳಿಯ ಪಾತ್ರೆ.

ಮೇಲಿನ ಕಪ್ಪು ಕೊಳೆಯಲ್ಲ ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಗಾಳಿಯಲ್ಲಿರುವ, ಮೊಟ್ಟೆ, ಈರುಳ್ಳಿಯಂಥ ಪದಾರ್ಥಗಳಿಂದ ಹೊಮ್ಮುವ ಗಂಧಕದ ಅನಿಲಗಳು ಬೆಳ್ಳಿಯೊಂದಿಗೆ ಸೇರಿ ಆಗುವ ಬೆಳ್ಳಿಯ ಸಲ್ಫೈಡ್ ಅದು. ತೇವ ಹೆಚ್ಚಿದ್ದಲ್ಲಿ ಬೇಗ ಆಗುತ್ತದೆ. ಮಲೆನಾಡು, ಕರಾವಳಿಯವರಿಗೆ ಇದರ ಅನುಭವ ಹೆಚ್ಚು. ಹಿತ್ತಾಳೆ, ತಾಮ್ರವನ್ನು ಬೆಳಗುವ ಹುಣಸೆಹಣ್ಣು, ನಿಂಬೆಹುಳಿ ಈ ಸಲ್ಫೈಡನ್ನು ಕರಗಿಸುವುದಿಲ್ಲ. ವಿಭೂತಿ, ಹಲ್ಲುಪುಡಿ ಅದನ್ನು ಕೆರೆದು ತೆಗೆಯುತ್ತವೆ. ಆ ಕಪ್ಪಿನಲ್ಲಿ ಬೆಳ್ಳಿಯೂ ಇದೆಯಲ್ಲ, ಅದೂ ಜೊತೆಗೇ ಹೋಗುತ್ತದೆ. ಅಡುಗೆ ಸೋಡಾ ಮತ್ತು ಅಲ್ಯೂಮಿನಿಯಂ ಹಾಳೆಯ ವಿಧಾನ ಮಾತ್ರ ಕಪ್ಪಿನಿಂದ ಗಂಧಕವನ್ನು ಬಿಡಿಸಿ ಬೆಳ್ಳಿಯನ್ನು ಪಾತ್ರೆಯ ಮೇಲೇ ಉಳಿಸುತ್ತದೆ.

ಬೇಕಾದದ್ದು ಇಷ್ಟೇ: ಚಪಾತಿ ಸುತ್ತಿಡುವ ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರು, ಪ್ಲಾಸ್ಟಿಕ್ ಟಬ್ಬು. ಸೋಡಾ ಬದಲು ಬೇಕಿಂಗ್ ಪೌಡರ್ ಹಾಕಬೇಡಿ. ಅದರಲ್ಲಿ ಹುಳಿ, ಪಿಷ್ಟ ಬೆರೆತಿರುತ್ತವೆ. ಜಿಡ್ಡಿದ್ದರೆ ಈ ಕ್ರಿಯೆ ನಡೆಯುವುದಿಲ್ಲವಾದ್ದರಿಂದ ಪಾತ್ರೆ ತೊಳೆಯುವ ಸಾಬೂನು ದ್ರಾವಣದ ಒಂದೆರಡು ಹನಿ ಬೆರೆಸಿದ ಬೆಚ್ಚನೆಯ ನೀರಿನಲ್ಲಿ ಮೊದಲು ಮೆತ್ತಗೆ ತೊಳೆದುಕೊಳ್ಳಿ. ಟಬ್ಬಿನ ತಳಕ್ಕೂ ಬದಿಗೂ ಫಾಯಿಲ್ ಹಾಸಿ, ಅದರ ಮೇಲೆ ಪಾತ್ರೆಯನ್ನು ತಾಗುವಂತೆ ಇಡಿ. ಈ ತಾಗುವಿಕೆಯೇ ಮುಖ್ಯ: ಎರಡು ಲೋಹಗಳ ನಡುವೆ ಸಣ್ಣ ವಿದ್ಯುತ್ ಹರಿದರೆ ಮಾತ್ರ ಕೆಲಸ ಆಗುತ್ತದೆ. ಲೀಟರಿಗೆ ನಾಲ್ಕು ದೊಡ್ಡ ಚಮಚದ ಲೆಕ್ಕದಲ್ಲಿ ಸೋಡಾ ಉದುರಿಸಿ, ಕುದಿಸಿ ಇಳಿಸಿದ ನೀರನ್ನು ಪಾತ್ರೆ ಮುಳುಗುವಷ್ಟು ನಿಧಾನವಾಗಿ ಸುರಿಯಿರಿ. ನೊರೆ ಏಳುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದು ಬಿಟ್ಟುಹೋಗುತ್ತಿರುವ ಗಂಧಕದ ವಾಸನೆ, ಕಿಟಕಿ ತೆರೆದಿರಲಿ.

ಒಂದೆರಡು ನಿಮಿಷದಲ್ಲೇ ಬಣ್ಣ ತಿಳಿಯಾಗುತ್ತದೆ. ಐದು ನಿಮಿಷ ದಾಟಿಸಬೇಡಿ. ಇನ್ನೂ ಕಪ್ಪುಳಿದಿದ್ದರೆ ಹೊಸ ಫಾಯಿಲ್, ಹೊಸ ನೀರಿನಲ್ಲಿ ಇನ್ನೊಮ್ಮೆ ಮುಳುಗಿಸಿ. ಉಪ್ಪನ್ನೂ ಹಾಕುವವರಿದ್ದಾರೆ. ಲೇಪದ ಪಾತ್ರೆಗೆ ಅದು ಬೇಡ: ಸಂದಿಯಲ್ಲಿ ಉಳಿದ ಉಪ್ಪು ಬೆಳ್ಳಿಯನ್ನೂ ಅಡಿಯ ಲೋಹವನ್ನೂ ತಿನ್ನುತ್ತದೆ. ಹೊರತೆಗೆದು ಧಾರಾಳ ನೀರಿನಲ್ಲಿ ತೊಳೆದು, ತಕ್ಷಣ ಹಳೆಯ ಪಂಚೆಯ ಮೆತ್ತನೆ ತುಂಡಿನಿಂದ ಒರೆಸಿ. ತಾನಾಗಿ ಆರಲು ಬಿಟ್ಟರೆ ನೀರಿನ ಕಲೆ ಕೂರುತ್ತದೆ. ಹೊಳಪು ಸ್ವಲ್ಪ ಮಂದವೆನಿಸಿದರೆ ಒಣ ಬಟ್ಟೆಯಿಂದ ಉದ್ದಕ್ಕೆ ಹಗುರವಾಗಿ ಒರೆಸಿದರೆ ಸಾಕು.

ಎಲ್ಲವನ್ನೂ ಮುಳುಗಿಸುವಂತಿಲ್ಲ. ಟೀ ಪಾಟಿನ ಹಿಡಿ ಮರದ್ದಾಗಿದ್ದರೆ, ಇಲ್ಲವೇ ಕೈಗೆ ಬಿಸಿ ತಾಗದಂತೆ ಹಿಡಿಯ ನಡುವೆ ಮೂಳೆ, ದಂತದ ಬಿಲ್ಲೆ ಕೂರಿಸಿದ್ದರೆ ಬಿಸಿನೀರು ಅವನ್ನು ಸೀಳಿಸುತ್ತದೆ. ಅಂಥವಕ್ಕೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಅದ್ದಿದ ಫಾಯಿಲ್ ತುಂಡನ್ನು ಕಪ್ಪಾದ ಕಡೆ ಮಾತ್ರ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಹೂಬಳ್ಳಿ ಕೆತ್ತಿದ ಪಾತ್ರೆಗಳ ವಿಷಯವೇ ಬೇರೆ. ಗೆರೆಗಳ ಒಳಗಿನ ಕಪ್ಪಿನಿಂದಲೇ ಕೆತ್ತನೆ ಎದ್ದು ಕಾಣುವುದು. ಮುಳುಗಿಸಿದರೆ ಅದೂ ಹೋಗಿ ಪಾತ್ರೆ ಸಪ್ಪೆಯಾಗುತ್ತದೆ. ಅವನ್ನು ಮುಳುಗಿಸದೆ, ಕಲಾವಸ್ತು ಸಂರಕ್ಷಕರು ಬಳಸುವ ನಯವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ನೀರಿನಲ್ಲಿ ಕಲಸಿ, ಹತ್ತಿಯಿಂದ ಉಬ್ಬಿದ ಭಾಗಕ್ಕಷ್ಟೇ ಸವರಿ ತೊಳೆಯುವುದು ಉತ್ತಮ.

ಪಾಟಿನ ಒಳಗಿನ ಕಂದು ಕಲೆ ಚಹಾದ ಟ್ಯಾನಿನ್‌ನಿಂದ ಆದದ್ದು. ಅದಕ್ಕೆ ಫಾಯಿಲ್ ಬೇಕಿಲ್ಲ. ಎರಡು ಚಮಚ ಸೋಡಾ ಹಾಕಿ, ಬಿಸಿನೀರು ತುಂಬಿ, ಗಂಟೆಯ ಮೇಲೆ ಬಾಟಲಿ ತೊಳೆಯುವ ಮೆತ್ತನೆ ಬ್ರಷ್‌ನಿಂದ ತೊಳೆಯಿರಿ. ಬ್ಲೀಚಿಂಗ್ ಪುಡಿ, ತಂತಿಯ ಉಜ್ಜುಗ ಹತ್ತಿರವೂ ಬರಬಾರದು.

ಮತ್ತೆ ಎತ್ತಿಡುವಾಗ ಪೂರ್ತಿ ಒಣಗಿಸಿ, ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆಗಳಲ್ಲಿ ಗಂಧಕ ಇರುವುದರಿಂದ ಅವು ಬೇಡ. ರಬ್ಬರ್ ಬ್ಯಾಂಡ್ ಸುತ್ತಿದಲ್ಲಿ ಕಪ್ಪು ಗೆರೆಯೇ ಮೂಡುತ್ತದೆ. ವಾಸನೆ ಕಟ್ಟದಂತೆ ಪಾಟಿನ ಮುಚ್ಚಳ ತುಸು ತೆರೆದಿರಲಿ.

ತೊಳೆದ ಮೇಲೂ ಅಂಚಿನಲ್ಲಿ ಕೆಂಪಾಗಿಯೋ ಹಳದಿಯಾಗಿಯೋ ಕಂಡರೆ ಅಲ್ಲಿ ಬೆಳ್ಳಿ ಉಳಿದಿಲ್ಲ, ಕಾಣುತ್ತಿರುವುದು ಅಡಿಯ ಲೋಹ. ಅದಕ್ಕೆ ಅಡುಗೆಮನೆಯಲ್ಲಿ ಮದ್ದಿಲ್ಲ, ಮರುಲೇಪ ಮಾಡಿಸಬೇಕು. ಆದರೆ ಪಾತ್ರೆ ಎಲ್ಕಿಂಗ್ಟನ್‌ಗಿಂತ ಹಿಂದಿನ ‘ಶೆಫೀಲ್ಡ್ ಪ್ಲೇಟ್’ ಆಗಿದ್ದರೆ ನಿಲ್ಲಿ. 1740ರ ದಶಕದಲ್ಲಿ ಥಾಮಸ್ ಬೋಲ್ಸೋವರ್ ಕಂಡುಕೊಂಡ, ತಾಮ್ರಕ್ಕೆ ಬೆಳ್ಳಿಯ ತಗಡನ್ನು ಕಾಯಿಸಿ ಬೆಸೆಯುವ ವಿಧಾನದಿಂದ ಆದ ಆ ಪಾತ್ರೆಗಳಿಗೆ ಸಂಗ್ರಾಹಕರು ಬೆಲೆ ಕಟ್ಟುವುದು ಹಳೆಯ ಮೈ ಹಾಗೇ ಇದ್ದರೆ. ಪ್ಲೇಟಿಂಗ್ ಅಂಗಡಿಗೆ ಕೊಡುವ ಮೊದಲು ಹಳೆಯ ವಸ್ತು ಬಲ್ಲವರಿಗೊಮ್ಮೆ ತೋರಿಸಿ.