ದ್ರಾಕ್ಷಾಮದ್ಯಕ್ಕೆ ವಯಸ್ಸಾಗುವ ಬಗೆ

ಇಟ್ಟಷ್ಟೂ ಉತ್ತಮವಾಗುವ ಆಹಾರಪದಾರ್ಥಗಳು ಲೋಕದಲ್ಲಿ ವಿರಳ. ಕೆಂಪು ದ್ರಾಕ್ಷಾಮದ್ಯ, ಎಂದರೆ ವೈನ್, ಅಂಥದೊಂದು ಎಂಬ ಪ್ರತೀತಿ ಉಂಟು. ಇದರಲ್ಲಿ ಅರ್ಧ ಮಾತ್ರ ಸತ್ಯ. ಲೋಕದಲ್ಲಿ ತಯಾರಾಗುವ ವೈನಿನ ಬಹುಭಾಗ ಒಂದೆರಡು ವರ್ಷಗಳೊಳಗೆ ಕುಡಿದು ಮುಗಿಸಬೇಕಾದುದೇ. ಕೆಲವು ಮಾತ್ರ ಕಾಲದ ಪ್ರಯೋಜನವನ್ನು ಪಡೆಯಬಲ್ಲವು; ಅವಕ್ಕೂ ಒಂದು ಮೇರೆಯಿದೆ. ವೈನನ್ನು ಕುಡಿಯುವುದು ತರವೋ ಅಲ್ಲವೋ ಎಂಬ ಚರ್ಚೆ ಇಲ್ಲಿ ಪ್ರಸ್ತುತವಲ್ಲ. ಮುಚ್ಚಿದ ಸೀಸೆಯೊಳಗೆ ವರ್ಷಗಟ್ಟಲೆ ನಡೆಯುವ ಕ್ರಿಯೆ ಯಾವುದು, ಅದು ಎಲ್ಲಿಯವರೆಗೆ ಬಂದಿದೆಯೆಂದು ಅರಿಯುವುದು ಹೇಗೆ ಎಂಬುದಷ್ಟೇ ನಮ್ಮ ವಿಷಯ.

ಉದಾಹರಣೆಗೆ ಫ್ರಾನ್ಸ್ ದೇಶದ ಪೂರ್ವಭಾಗದಲ್ಲಿರುವ ಬರ್ಗಂಡಿ ಪ್ರಾಂತವನ್ನು ತೆಗೆದುಕೊಳ್ಳೋಣ. ಅಲ್ಲಿಯ ಕೆಂಪು ವೈನುಗಳು ಬಹುಮಟ್ಟಿಗೆ ಪಿನೊ ನ್ವಾರ್ ಎಂಬ ಒಂದೇ ಜಾತಿಯ ದ್ರಾಕ್ಷಿಯಿಂದ ಆದವು. ಆದಕಾರಣ ಅವುಗಳ ತಾರತಮ್ಯವನ್ನು ದ್ರಾಕ್ಷಿಯ ಜಾತಿಯಿಂದ ಅಳೆಯದೆ ನೆಲದಿಂದ ಅಳೆಯುತ್ತಾರೆ. ಇಡೀ ಪ್ರಾಂತದ ಹೆಸರು ಹೊತ್ತ ವೈನ್ ಕೆಳಗಿನ ಮೆಟ್ಟಿಲು. ಅದರ ಮೇಲೆ ಒಂದು ಗ್ರಾಮದ ಹೆಸರು ಹೊತ್ತದ್ದು. ಅದಕ್ಕೂ ಮೇಲೆ ಪ್ರೆಮಿಯೆ ಕ್ರು ಮತ್ತು ಗ್ರಾಂ ಕ್ರು ಎಂಬ ಗೊತ್ತಾದ ತೋಟಗಳವು. ವೊಲ್ನೆ, ಪೊಮಾರ್ ಎಂಬಿವು ಇಂಥ ಗ್ರಾಮಗಳು. ಇಲ್ಲಿ ಹೊಸಬರು ಮೋಸಹೋಗುವ ಒಂದು ಸಂಗತಿಯುಂಟು. 1847ರಲ್ಲಿ ಜೆವ್ರೆ ಎಂಬ ಗ್ರಾಮ ತನ್ನ ಎಲ್ಲೆಯಲ್ಲಿದ್ದ ಪ್ರಖ್ಯಾತ ಶಾಂಬೆರ್ತಾಂ ತೋಟದ ಹೆಸರನ್ನು ತನ್ನ ಹೆಸರಿಗೆ ಜೋಡಿಸಿಕೊಂಡಿತು. ಹೀಗಾಗಿ ‘ಶಾಂಬೆರ್ತಾಂ’ ಎಂದಷ್ಟೇ ಬರೆದಿದ್ದರೆ ಅದು ಅತ್ಯುಚ್ಚ ದರ್ಜೆಯ ತೋಟದ್ದು. ‘ಜೆವ್ರೆ-ಶಾಂಬೆರ್ತಾಂ’ ಎಂದು ಉದ್ದವಾಗಿ ಬರೆದಿದ್ದರೆ, ಬೇರೆ ತೋಟದ ಹೆಸರಿಲ್ಲದಿದ್ದಲ್ಲಿ, ಅದು ಗ್ರಾಮದ ದರ್ಜೆಯದು. ಹೆಸರು ಹಿಗ್ಗಿದಂತೆ ದರ್ಜೆ ಕುಗ್ಗುವುದು ತಮಾಷೆಯೇ ಸರಿ.

ಗ್ರಾಮದರ್ಜೆಯ ವೈನನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಗ್ರಾಂ ಕ್ರು ವೈನನ್ನು ಇಪ್ಪತ್ತು ವರ್ಷ ಇಟ್ಟವರು ತಾಳ್ಮೆಗೆಟ್ಟು ಮೊದಲೇ ತೆರೆದರೆಂದು ಪಶ್ಚಾತ್ತಾಪ ಪಡಬಹುದು. ಗ್ರಾಮದ ವೈನಿನಲ್ಲಿ ಎರಡೂ ಕಡೆ ಅಪಾಯ. ಬೇಗ ತೆರೆದರೆ ಒಗರು, ತಡವಾಗಿ ತೆರೆದರೆ ಸಪ್ಪೆ. ಒಳ್ಳೆಯ ಫಸಲಿನದಾದರೆ ಸುಮಾರು ನಾಲ್ಕರಿಂದ ಹತ್ತು ವರ್ಷಗಳ ನಡುವೆ ಎಲ್ಲಿಯೋ ಅದರ ಸಕಾಲ ಅಡಗಿರುತ್ತದೆ.

ಒಗರು ಎಂದೆವಷ್ಟೆ. ನಮ್ಮ ಹಿರಿಯರು ಅದನ್ನು ಕಷಾಯವೆಂಬ ಹೆಸರಿನಿಂದ ಷಡ್ರಸಗಳಲ್ಲಿ ಒಂದಾಗಿ ಎಣಿಸಿದರು. ಇಂದಿನ ಶರೀರಶಾಸ್ತ್ರಜ್ಞರಲ್ಲಿ ಅನೇಕರು ಅದನ್ನು ರುಚಿಗಿಂತ ಹೆಚ್ಚಾಗಿ ಸ್ಪರ್ಶವೆಂದೇ ಪರಿಗಣಿಸುತ್ತಾರೆ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಿಂದ ಬರುವ ಟ್ಯಾನಿನ್ ಎಂಬ ದೊಡ್ಡ ಅಣುಗಳು ಲಾಲಾರಸದ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಗರಣೆಗಟ್ಟಿಸುತ್ತವೆ. ಬಾಯಿಯ ಜಾರುಗೊಳಿಸುವ ಲೇಪ ಹೋಗಿ, ನಾಲಗೆಗೂ ಅಂಗುಳಿಗೂ ನಡುವೆ ಘರ್ಷಣೆ ಹೆಚ್ಚುತ್ತದೆ. ಎಣ್ಣೆ ಆರಿದ ಬಂಡಿಯ ಅಚ್ಚಿನ ಸ್ಥಿತಿಯೇ ಇದು. ಎಳೆಯ ಅಡಕೆಯನ್ನು ಅಗಿದವರಿಗೆ ಈ ಅನುಭವ ಹೊಸದಲ್ಲ. ಮಲೆನಾಡಿನಲ್ಲಿ ಅಡಕೆ ಬೇಯಿಸಿದಾಗ ಉಳಿಯುವ ಚೊಗರಿನಲ್ಲಿರುವುದೂ ಇದೇ ಕುಲದ ಟ್ಯಾನಿನ್.

ಟ್ಯಾನಿನ್ನಿನ ಜೊತೆಗಾರ ಆಂಥೊಸಯನಿನ್ ಎಂಬ ವರ್ಣದ್ರವ್ಯ. ನೇರಳೆಹಣ್ಣಿಗೂ ದಾಸವಾಳಕ್ಕೂ ಬಣ್ಣ ಕೊಡುವುದು ಇದೇ ಗುಂಪಿನದು. ಎಳೆಯ ವೈನ್ 520 ನ್ಯಾನೊಮೀಟರ್ ತರಂಗಾಂತರದ ಸುತ್ತಣ ಹಸಿರು ಬೆಳಕನ್ನು ಬಲವಾಗಿ ಹೀರುವುದರಿಂದ ನಮಗೆ ಕೆಂಪಾಗಿ ಕಾಣುತ್ತದೆ. ಕಾಲ ಕಳೆದಂತೆ ಬಿಡಿಯಾಗಿದ್ದ ಆಂಥೊಸಯನಿನ್ ಅಣುಗಳು ಟ್ಯಾನಿನ್ನಿನೊಡನೆ ಹೆಣೆದುಕೊಂಡು ಬೇರೆ ವರ್ಣದ್ರವ್ಯಗಳಾಗುತ್ತವೆ. 420 ನ್ಯಾನೊಮೀಟರಿನ ನೀಲಿ-ನೇರಳೆ ಬೆಳಕಿನ ಹೀರಿಕೆ ಕೆಂಪಿನೊಡನೆ ಹೋಲಿಸಿದರೆ ಹೆಚ್ಚಾಗುತ್ತ ಬರುತ್ತದೆ. ವೈನ್ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಈ ಎರಡು ಹೀರಿಕೆಗಳ ನಿಷ್ಪತ್ತಿಯನ್ನು ಪ್ರಯೋಗಶಾಲೆಗಳಲ್ಲಿ ವಯಸ್ಸಿನ ಸೂಚಿಯಾಗಿ ಬಳಸುವುದುಂಟು. ಟ್ಯಾನಿನ್ ಅಣುಗಳು ಬೆಳೆದು ಭಾರವಾಗಿ ತಳಕ್ಕೆ ಇಳಿಯುವುದರಿಂದಲೇ ಒಗರು ತಗ್ಗುತ್ತದೆಂದು ಹಳೆಯ ಪಠ್ಯಗಳು ಹೇಳುತ್ತಿದ್ದವು. ವಿಷಯ ಅಷ್ಟು ಸರಳವಲ್ಲ. ಕೆಲವು ಅಣುಗಳು ಬೆಳೆಯುತ್ತವೆ, ಕೆಲವು ಆಮ್ಲದಲ್ಲಿ ತುಂಡಾಗುತ್ತವೆ, ಕೆಲವು ವರ್ಣದ್ರವ್ಯವನ್ನು ಕೂಡಿಕೊಂಡು ಪ್ರೋಟೀನಿನ ಮೇಲಿನ ಹಿಡಿತವನ್ನು ಕಳೆದುಕೊಳ್ಳುತ್ತವೆ.

ಈ ಕ್ರಿಯೆಗಳನ್ನು ಪ್ರೇರಿಸುವುದು ಯಾವುದು? ಇದನ್ನು ಪ್ರಯೋಗಕ್ಕೆ ಒಡ್ಡಿದ ಕೀರ್ತಿ ಲೂಯಿ ಪಾಸ್ತರರದು. 1866ರಲ್ಲಿ ಪ್ರಕಟವಾದ ವೈನ್ ಕುರಿತ ಗ್ರಂಥದಲ್ಲಿ ಅವರು ಒಂದು ಸರಳ ಪರೀಕ್ಷೆಯನ್ನು ವರ್ಣಿಸಿದ್ದಾರೆ. ಒಂದು ಗಾಜಿನ ನಳಿಕೆಯನ್ನು ವೈನಿನಿಂದ ಪೂರ್ತಿ ತುಂಬಿ ಮುಚ್ಚಿದರು. ಇನ್ನೊಂದರಲ್ಲಿ ಗಾಳಿಗೆ ಎಡೆಯಿಟ್ಟು ಮುಚ್ಚಿದರು. ತುಂಬಿದ ನಳಿಕೆಯ ವೈನ್ ಬಹುಮಟ್ಟಿಗೆ ಇದ್ದ ಹಾಗೆಯೇ ಉಳಿಯಿತು. ಗಾಳಿಯಿದ್ದುದರಲ್ಲಿ ಬಣ್ಣ ಇಳಿದು ತಳದಲ್ಲಿ ಗಸಿ ನಿಂತಿತು. ವಯಸ್ಸನ್ನು ತರುವುದು ಬರಿಯ ಕಾಲವಲ್ಲ, ಆಮ್ಲಜನಕ.

ಆದರೆ ಎಷ್ಟು ಆಮ್ಲಜನಕ ಎಂಬುದೇ ಮುಖ್ಯ ಪ್ರಶ್ನೆ. ಒಳ್ಳೆಯ ಬಿರಡೆಯ ಮೂಲಕ ಸೀಸೆಗೆ ವರ್ಷಕ್ಕೆ ಸುಮಾರಾಗಿ ಒಂದು ಮಿಲಿಗ್ರಾಮಿನಷ್ಟು ಆಮ್ಲಜನಕ ಸೇರುತ್ತದೆ. ಬಿರಡೆಯಿಂದ ಬಿರಡೆಗೆ ಇದರಲ್ಲಿ ಬಹಳ ವ್ಯತ್ಯಾಸವುಂಟು. ಗಾಳಿಯಲ್ಲಿ ಚೆನ್ನಾಗಿ ಕುಲುಕಿದ ಒಂದು ಲೀಟರ್ ವೈನಾದರೋ ಸುಮಾರು ಎಂಟು ಮಿಲಿಗ್ರಾಮನ್ನು ಕೆಲವೇ ನಿಮಿಷಗಳಲ್ಲಿ ಕರಗಿಸಿಕೊಳ್ಳಬಲ್ಲುದು. ಹಾಗಾದರೆ ಎಂಟು ವರ್ಷದ ವಯಸ್ಸನ್ನು ಒಂದು ಸಂಜೆಯಲ್ಲಿ ತರಬಹುದಲ್ಲವೆ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಸಾಧ್ಯವಿಲ್ಲ. ಆಮ್ಲಜನಕ ಬಂದು ಸೇರುವುದು ಮೊದಲ ಹೆಜ್ಜೆ ಮಾತ್ರ. ಅಣುಗಳು ಹೆಣೆದುಕೊಳ್ಳುವ ಮುಂದಿನ ಹೆಜ್ಜೆಗಳು ತಮ್ಮ ವೇಗದಲ್ಲಿಯೇ ನಡೆಯಬೇಕು. ಅವಕ್ಕಿಂತ ವೇಗವಾಗಿ ಬಂದ ಆಮ್ಲಜನಕ ಹಣ್ಣಿನ ಪರಿಮಳವನ್ನು ಸುಟ್ಟುಬಿಡುತ್ತದೆ.

ಉಷ್ಣತೆ ಏರಿಸಿ ಆತುರಪಡಿಸುವ ಉಪಾಯವೂ ಹೀಗೆಯೇ ವಿಫಲವಾಗುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆಂಬ ನಿಯಮ ನಿಮಗೆ ಗೊತ್ತು. ನೆಲಮಾಳಿಗೆಯ 12 ಡಿಗ್ರಿಯಿಂದ ಬೇಸಗೆಯ ಕೋಣೆಯ 32 ಡಿಗ್ರಿಗೆ ತಂದರೆ ವೇಗ ನಾಲ್ಮಡಿಯಾಗಬೇಕು. ಆದರೆ ಆರೇನಿಯಸ್ ತೋರಿಸಿಕೊಟ್ಟಂತೆ, ಪ್ರತಿಯೊಂದು ಕ್ರಿಯೆಗೂ ಅಣುಗಳು ದಾಟಬೇಕಾದ ಶಕ್ತಿಯ ತಡೆ ಬೇರೆ ಬೇರೆ. ತಡೆ ಹೆಚ್ಚಿದ್ದಷ್ಟೂ ಬಿಸಿಯಲ್ಲಿ ಆ ಕ್ರಿಯೆಯ ವೇಗ ಹೆಚ್ಚಿನ ಪ್ರಮಾಣದಲ್ಲಿ ಏರುತ್ತದೆ. ಹೀಗಾಗಿ ಎಲ್ಲ ಕ್ರಿಯೆಗಳೂ ಸಮನಾಗಿ ಚುರುಕಾಗುವುದಿಲ್ಲ. ತಂಪಿನಲ್ಲಿ ತೂಗಡಿಸುತ್ತಿದ್ದ ಬೇಡದ ಕ್ರಿಯೆಗಳೂ ಎದ್ದು ಓಡತೊಡಗುತ್ತವೆ. ಬಿಸಿಯಲ್ಲಿ ಇಟ್ಟ ವೈನ್ ಬೇಗ ಮುದಿಯಾದ ವೈನಲ್ಲ, ಬೇರೆಯೇ ವೈನ್. ಬೇಯಿಸಿದ ಹಣ್ಣಿನ ವಾಸನೆ ಅದರ ಗುರುತು. ಇನ್ನೊಂದು ಲೆಕ್ಕವನ್ನೂ ನೋಡಿ. ಈ 20 ಡಿಗ್ರಿಗಳ ಏರಿಕೆಗೆ 750 ಮಿಲಿಲೀಟರ್ ವೈನ್ ಸುಮಾರು 4 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಬಿರಡೆಯ ಕೆಳಗೆ ಇರುವ ಖಾಲಿ ಜಾಗವೂ ಕೆಲವೇ ಮಿಲಿಲೀಟರ್. ಬಿರಡೆ ಮೇಲಕ್ಕೆ ಸರಿದು ವೈನ್ ಒಸರುವುದು ಈ ಕಾರಣದಿಂದ.

ಇನ್ನು ರುಚಿ ನೋಡುವ ಕ್ರಮ. ಅಗಲ ಹೊಟ್ಟೆಯ ಗಾಜಿನ ಪಾತ್ರೆಗೆ ಮೂರರಲ್ಲೊಂದು ಭಾಗ ಸುರಿದು, ಬಿಳಿಯ ಕಾಗದದ ಮೇಲೆ ಓರೆಯಾಗಿ ಹಿಡಿದು, ವೈನ್ ತೆಳುವಾಗಿರುವ ಅಂಚನ್ನು ನೋಡಬೇಕು. ಇಟ್ಟಿಗೆಯ ಬಣ್ಣ ಮೊದಲು ತೋರುವುದು ಅಲ್ಲಿಯೇ. ಪಾತ್ರೆಯನ್ನು ಸುತ್ತಿಸಿದಾಗ ಒಳಗೋಡೆಯಲ್ಲಿ ಹನಿಗಳು ಮೇಲೇರಿ ಇಳಿಯುವುದನ್ನು ಕಂಡು ಉತ್ತಮ ವೈನೆಂದು ತಲೆದೂಗುವವರಿದ್ದಾರೆ. ಅದು ಮದ್ಯಸಾರ ಆವಿಯಾಗಿ ಮೇಲ್ಮೈ ಎಳೆತ ಬದಲಾಗುವುದರ ಪರಿಣಾಮ. 1855ರಲ್ಲೇ ಜೇಮ್ಸ್ ಥಾಮ್ಸನ್ ವಿವರಿಸಿದ ಸಂಗತಿ. ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಬಳಿಕ ಮೂಸಬೇಕು. ಎಳೆಯ ಪಿನೊ ನ್ವಾರಿನಲ್ಲಿ ಚೆರಿ, ರಾಸ್ಪ್‌ಬೆರಿ ಹಣ್ಣುಗಳ ಪರಿಮಳ. ಮಾಗಿದುದರಲ್ಲಿ ಅಣಬೆ, ತೊಗಲು, ಮಳೆಯಲ್ಲಿ ನೆನೆದ ತರಗೆಲೆಗಳ ವಾಸನೆ. ಕಡೆಗೆ ಒಂದು ಗುಟುಕನ್ನು ಬಾಯಲ್ಲಿ ಆಡಿಸಿ ಒಗರನ್ನೂ ಹುಳಿಯನ್ನೂ ಗಮನಿಸಬೇಕು.

ಈ ಉಪಕರಣವಾದರೋ, ಎಂದರೆ ಮನುಷ್ಯನ ಮೂಗು, ಪೂರ್ತಿ ನಂಬತಕ್ಕುದಲ್ಲ. ಬೋರ್ದೊ ನಗರದಲ್ಲಿ ಮೊರೊ, ಬ್ರೊಶೆ, ದುಬೂರ್ದಿಯೊ ಎಂಬ ಸಂಶೋಧಕರು ವಾಸನೆಯಿಲ್ಲದ ಕೆಂಪು ಬಣ್ಣ ಬೆರಸಿದ ಬಿಳಿಯ ವೈನನ್ನು ವೈನ್‌ಶಾಸ್ತ್ರದ 54 ವಿದ್ಯಾರ್ಥಿಗಳಿಗೆ ಕೊಟ್ಟರು. ಅವರು ಅದನ್ನು ವರ್ಣಿಸಲು ಬಳಸಿದುದು ಕೆಂಪು ವೈನಿಗೆ ಸಲ್ಲುವ ಪದಗಳನ್ನು. 2001ರಲ್ಲಿ ಪ್ರಕಟವಾದ ಈ ಪ್ರಯೋಗದ ನಂತರ, ಕಪ್ಪು ಗಾಜಿನ ಪಾತ್ರೆಯಲ್ಲಿ ಮೂಸಿ ಆಮೇಲೆ ಬಣ್ಣ ನೋಡುವುದೇ ಯುಕ್ತವೆಂದು ನನಗೆ ತೋರುತ್ತದೆ.

ಇದಕ್ಕಿಂತಲೂ ದೊಡ್ಡ ತೊಡಕು, ಅಳೆದರೆ ಅಳೆಯಬೇಕಾದ ವಸ್ತುವೇ ಮುಗಿದುಹೋಗುವುದು. ಬಿರಡೆ ತೆಗೆದ ಸೀಸೆಯನ್ನು ಮತ್ತೆ ಇಡುವಂತಿಲ್ಲ. ಸಿಡಿಮದ್ದಿನ ಕಾರ್ಖಾನೆಯವರಿಗೆ ಈ ತೊಡಕು ಪರಿಚಿತ. ಹತ್ತನ್ನು ಪರೀಕ್ಷೆಗಾಗಿ ಸುಟ್ಟು ಉಳಿದುದನ್ನು ನಂಬುತ್ತಾರೆ. ಬಲ್ಲವರು ವೈನಿನಲ್ಲಿಯೂ ಹಾಗೆಯೇ ಮಾಡುತ್ತಾರೆ. ಒಂದೇ ಫಸಲಿನ ಹನ್ನೆರಡು ಸೀಸೆಗಳನ್ನು ಒಟ್ಟಿಗೆ ಕೊಂಡು ಕತ್ತಲೆಯ ತಂಪಾದ ನೆಲಮಾಳಿಗೆಯಲ್ಲಿ ಮಲಗಿಸುತ್ತಾರೆ. ಮೂರನೆಯ ವರ್ಷ ಒಂದನ್ನು ತೆರೆದು ಕಂಡುದನ್ನು ಬರೆದಿಡುತ್ತಾರೆ, ಐದನೆಯ ವರ್ಷ ಮತ್ತೊಂದು, ಆಮೇಲೆ ವರ್ಷಕ್ಕೊಂದು. ಒಗರು ತಗ್ಗುತ್ತಿದ್ದು ಹಣ್ಣಿನ ಪರಿಮಳ ನಿಂತಿದ್ದರೆ ಇನ್ನೂ ಕಾಯಬಹುದು. ಪರಿಮಳ ಒಗರಿಗಿಂತ ಮುಂಚೆ ಕರಗತೊಡಗಿತೆಂದು ಟಿಪ್ಪಣಿಗಳಿಂದ ತಿಳಿದುಬಂದರೆ, ಉಳಿದ ಸೀಸೆಗಳನ್ನು ಆ ವರ್ಷವೇ ತೆರೆದುಬಿಡಬೇಕು.